ಗಾಯದ ಲೆಕ್ಕ

(ರಾಯಚೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವ ಹಂಗಾಮು ಬಂತೆಂದರೆ ಸಂಜೆ ಹೊಲದ ಬದುವಿನ ಮೇಲೆ ತಕ್ಕಡಿ ತೂಗುತ್ತದೆ. ಬೆಳಗಿನಿಂದ ಬಗ್ಗಿಸಿದ ನಡುವನ್ನು ನೆಟ್ಟಗೆ ಮಾಡಿಕೊಂಡು ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಗಂಟು ತಂದಿಡುತ್ತಾರೆ. ಕೆ.ಜಿ. ಲೆಕ್ಕದ ಕೂಲಿ ಅದು. ಅರ್ಧ ಕೆ.ಜಿ. ಕಡಿಮೆ ಬಂದರೂ ಸುಮ್ಮನಿರುವವರಲ್ಲ. ‘ಇನ್ನೊಮ್ಮೆ ತೂಗ್ರಿ’ ಎನ್ನುತ್ತಾರೆ, ತೂಗಿಸಿಯೇ ಬಿಡುತ್ತಾರೆ. ಅದೇ ಹೆಣ್ಣುಮಗಳು ಮನೆಗೆ ಮರಳುವಾಗ ಟ್ರ್ಯಾಕ್ಟರಿನ ಟ್ರೇಲರ್ ಮಗುಚಿ ಮುಂಗೈ ಮುರಿದುಕೊಂಡರೆ, ಆ ಕೈಗೆ ಎಷ್ಟು ಎಂದು ಯಾರನ್ನೂ ಕೇಳುವುದಿಲ್ಲ. ‘ಏನ್ ಮಾಡೂದ್ರಿ ಸರ, ನಮ್ಮ ಹಣೇಬರ’ ಎಂದು ಸೆರಗಿನಲ್ಲಿ ಕೈ ಕಟ್ಟಿಕೊಳ್ಳುತ್ತಾಳೆ. ಹತ್ತಿಗೆ ಇದ್ದ ಲೆಕ್ಕ ಹತ್ತಿ ಬಿಡಿಸಿದ ಕೈಗೆ ಇಲ್ಲದೆ ಹೋಗುತ್ತದೆ. ಈ ಜಿಲ್ಲೆಯ ಕೋರ್ಟುಗಳಲ್ಲಿ ಕರಿಕೋಟು ಹಾಕಿಕೊಂಡು ಆಯುಷ್ಯದ ಬಹುಪಾಲು ಕಳೆದ ನನಗೆ ಇದಕ್ಕಿಂತ ಹೆಚ್ಚು ನೋವು ಕೊಟ್ಟ ಸಂಗತಿ ಇನ್ನೊಂದಿಲ್ಲ. ಇವತ್ತು ಆ ಲೆಕ್ಕವನ್ನೇ ನಿಮ್ಮ ಮುಂದೆ ಬಿಚ್ಚಿಡಬೇಕೆಂದು ಬಂದಿದ್ದೇನೆ.

ವಿಜಯದಾಸರು, ಜಗನ್ನಾಥದಾಸರು ಬಾಳಿದ ಸೀಮೆ ನಮ್ಮದು. ಬಂದದ್ದನ್ನು ದೇವರ ಇಚ್ಛೆ ಎಂದು ಒಪ್ಪಿಕೊಳ್ಳುವ ಮನಸ್ಸು ಇಲ್ಲಿಯ ಮಣ್ಣಿನಲ್ಲೇ ಇದೆ. ದುಃಖವನ್ನು ತಾಳಿಕೊಳ್ಳಲು ಆ ಮನಸ್ಸು ಬೇಕೇ ಬೇಕು. ಆದರೆ ಒಬ್ಬನ ಅಜಾಗರೂಕತೆಯಿಂದ ಇನ್ನೊಬ್ಬನ ಮೈಗೆ ಗಾಯವಾದರೆ, ಅಲ್ಲೊಂದು ಋಣ ಹುಟ್ಟುತ್ತದೆ. ಋಣ ತೀರಿಸಬೇಕಾದವನು ಕಣ್ಣೆದುರು ನಿಂತಿರುವಾಗ ಅದನ್ನು ಹಣೆಬರಹದ ಖಾತೆಗೆ ಬರೆಯುವುದು ಭಕ್ತಿಯಲ್ಲ.

ಶಿರಾದ ಆ ಬೆಳಗಿನ ಜಾವ

2022ರ ಆಗಸ್ಟ್ 25ರ ಬೆಳಗಿನ ಜಾವ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಹೆದ್ದಾರಿಯಲ್ಲಿ ಒಂದು ಕ್ರೂಸರ್ ಲಾರಿಗೆ ಡಿಕ್ಕಿಯಾಯಿತು. ಒಳಗಿದ್ದವರು ನಮ್ಮವರು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಬೆಂಗಳೂರಿಗೆ ಗುಳೆ ಹೊರಟ ಕೂಲಿಕಾರರು, ಅವರ ಹೆಂಡಂದಿರು, ಮಕ್ಕಳು. ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರು. ಒಂಬತ್ತು ಜನ ಸತ್ತರು. ಪ್ರಧಾನಿ ಪರಿಹಾರ ನಿಧಿಯಿಂದ ಎರಡು ಲಕ್ಷ, ರಾಜ್ಯ ಸರ್ಕಾರದಿಂದ ಐದು ಲಕ್ಷ ಎಂಬ ಘೋಷಣೆ ಬಂತು. ಪತ್ರಿಕೆಗಳು ಬರೆದವು, ಊರುಗಳು ಅತ್ತವು, ಮುಂದಿನ ವಾರ ಇನ್ನೊಂದು ಕ್ರೂಸರ್ ಹೊರಟಿತು.

ಆ ಪ್ರಕರಣದ ವಿಚಾರಣೆಯ ಬಗ್ಗೆ ನಾನು ಮಾತಾಡುವುದಿಲ್ಲ. ಅಂಥ ಅಪಘಾತವಾದಾಗ ನಮ್ಮ ಜನ ತಿಳಿದುಕೊಳ್ಳುವುದು ಏನು, ಕಾನೂನು ಹೇಳುವುದು ಏನು ಎಂಬುದನ್ನಷ್ಟೇ ಹೇಳುತ್ತೇನೆ. ಮಂತ್ರಿಗಳು ಘೋಷಿಸುವ ಹಣವನ್ನು ನಾವು ‘ಪರಿಹಾರ’ ಎನ್ನುತ್ತೇವೆ, ಮೋಟಾರು ಅಪಘಾತ ನ್ಯಾಯಮಂಡಳಿ ಕೊಡಿಸುವ ಹಣವನ್ನೂ ‘ಪರಿಹಾರ’ ಎನ್ನುತ್ತೇವೆ. ಒಂದೇ ಹೆಸರು ಇಟ್ಟದ್ದರಿಂದ ಎಷ್ಟು ಮನೆಗಳಿಗೆ ನಷ್ಟವಾಗಿದೆ ಎಂದು ಹೇಳತೀರದು. ಸರ್ಕಾರ ಕೊಡುವುದು ಕರುಣೆಯ ಹಣ. ಅದನ್ನು ಕೊಟ್ಟರೂ ಕೊಡಬಹುದು, ಬಿಟ್ಟರೂ ಬಿಡಬಹುದು. ಗಾಡಿಯ ಮಾಲೀಕ ಮತ್ತು ವಿಮಾ ಕಂಪನಿ ಕೊಡಬೇಕಾದ್ದು ಕಾನೂನಿನ ಸಾಲ. ಮೊದಲನೆಯ ಚೆಕ್ಕು ಕೈಗೆ ಬಂದ ಮೇಲೂ ಎರಡನೆಯದನ್ನು ಕೇಳುವ ಹಕ್ಕು ಹಾಗೇ ಉಳಿದಿರುತ್ತದೆ. ‘ಸರ್ಕಾರ ಕೊಟ್ಟೈತಲ್ರಿ, ಮತ್ಯಾಕ’ ಎಂದು ಬಾಗಿಲು ಮುಚ್ಚಿದ ಕುಟುಂಬಗಳನ್ನು ನಾನು ಕಂಡಿದ್ದೇನೆ.

ಇಂಥ ಕಡೆ ಇನ್ನೂ ಎರಡು ಹೆದರಿಕೆಗಳಿವೆ. ಒಂದು: ‘ಗಾಡ್ಯಾಗ ಮಂದಿ ಜಾಸ್ತಿ ಇದ್ವಿ, ನಮ್ಮದ ತಪ್ಪು.’ ಗಾಡಿಯ ಪರವಾನಗಿಗಿಂತ ಹೆಚ್ಚು ಜನ ಇದ್ದರೆ, ಆ ಗಾಡಿಯ ವಿಮಾ ಕಂಪನಿಯ ಹೊಣೆ ಪರವಾನಗಿಯಲ್ಲಿರುವ ಸಂಖ್ಯೆಗೆ ಸೀಮಿತ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಆದರೆ ಆ ತೀರ್ಪು ಯಾರನ್ನೂ ಬರಿಗೈಯಲ್ಲಿ ಕಳಿಸಲಿಲ್ಲ. ಅಷ್ಟು ಸಂಖ್ಯೆಯ ದೊಡ್ಡ ಮೊತ್ತಗಳನ್ನು ಕಂಪನಿ ಕಟ್ಟಬೇಕು, ಅದನ್ನು ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಹಂಚಬೇಕು, ಉಳಿದದ್ದನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಬಹುದು ಎಂದಿತು. ಸೀಟಿನ ಮೇಲೆ ಸುಮ್ಮನೆ ಕುಳಿತಿದ್ದವನ ತಲೆಗೆ ಚಾಲಕನ ತಪ್ಪನ್ನು ಕಟ್ಟಲಾಗದು.

ಎರಡನೆಯ ಹೆದರಿಕೆ: ‘ತಪ್ಪು ಲಾರಿಯದೋ ಕ್ರೂಸರ್‌ದೋ, ಯಾರ ಮ್ಯಾಲ ಕೇಸು?’ ಎರಡು ಗಾಡಿಗಳ ತಪ್ಪು ಕೂಡಿ ಅಪಘಾತವಾದರೆ ಪ್ರಯಾಣಿಕ ಇಬ್ಬರನ್ನೂ ಕೇಳಬಹುದು, ಇಬ್ಬರಲ್ಲಿ ಒಬ್ಬರಿಂದ ಪೂರ್ತಿ ಹಣವನ್ನೂ ಕೇಳಬಹುದು. ಆಮೇಲೆ ಅವರಿಬ್ಬರೂ ತಮ್ಮೊಳಗೆ ಲೆಕ್ಕ ತೀರಿಸಿಕೊಳ್ಳಲಿ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಎತ್ತು ಎರಡು ಕಾದಾಡಿದರೆ ನಡುವಿನ ಪೈರಿನ ಬೆಲೆ ಕಟ್ಟಿಕೊಡಬೇಕಾದವರು ಎತ್ತಿನ ಒಡೆಯರು, ಪೈರು ಬೆಳೆದವನಲ್ಲ.

ಬಾಗಿಲು ಎಲ್ಲಿದೆ

ಶಿರಾದಲ್ಲಿ ಅಪಘಾತವಾದರೆ ಶಿರಾಕ್ಕೇ ಅಲೆಯಬೇಕೇ? ಬೇಡ. 1988ರ ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಪ್ರಕಾರ ಅಪಘಾತ ನಡೆದ ಜಾಗದಲ್ಲಿ, ಅರ್ಜಿದಾರ ವಾಸಿಸುವ ಜಾಗದಲ್ಲಿ, ಇಲ್ಲವೇ ಎದುರಾಳಿ ಇರುವ ಜಾಗದಲ್ಲಿ ಅರ್ಜಿ ಹಾಕಬಹುದು. ಗುಳೆ ಹೋದ ದೇವದುರ್ಗದ ಹುಡುಗ ಬೆಂಗಳೂರಿನ ರಸ್ತೆಯಲ್ಲಿ ಕಾಲು ಮುರಿದುಕೊಂಡರೂ ಅವನ ಕೇಸು ಅವನ ಊರಿನ ಮೇಲೆ ಅಧಿಕಾರವಿರುವ ನ್ಯಾಯಮಂಡಳಿಯಲ್ಲಿ ನಡೆಯಬಹುದು. ಕೊಟ್ಟ ತೀರ್ಪು ಸರಿಯೆನಿಸದಿದ್ದರೆ 90 ದಿನದೊಳಗೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ.

ಅರ್ಜಿಗೆ ಕಾಲಮಿತಿ ಇದೆ. ಆ ಕಾಯ್ದೆಯ 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಈ ಮಿತಿ ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಹೋಗಿ, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಯಿತು. ಆ ಆದೇಶವನ್ನು ನಂಬಿ ಕೈಕಟ್ಟಿ ಕೂಡಬೇಡಿ. ಆರು ತಿಂಗಳು ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ.

2022ರ ನಿಯಮಗಳು ಪೊಲೀಸರ ಮೇಲೂ ದೊಡ್ಡ ಹೊಣೆ ಹೊರಿಸಿವೆ. ಅಪಘಾತದ ಮೊದಲ ವರದಿ 48 ಗಂಟೆಯೊಳಗೆ, ವಿವರವಾದ ವರದಿ 90 ದಿನದೊಳಗೆ ನ್ಯಾಯಮಂಡಳಿಗೆ ಮುಟ್ಟಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ನ್ಯಾಯಮಂಡಳಿ ಪರಿಗಣಿಸಬೇಕು. ಇವನ್ನು ಚಾಚೂ ತಪ್ಪದೆ ನಡೆಸಬೇಕೆಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ ಎಲ್ಲ ಪೊಲೀಸರಿಗೂ ಆದೇಶ ಮಾಡಿದೆ. ‘ನಮ್ಮ ವರದಿ ಹೋಯಿತೇ ಸಾಹೇಬರೇ’ ಎಂದು ಠಾಣೆಯಲ್ಲಿ ವಿನಯದಿಂದ ಕೇಳುವುದು ನಿಮ್ಮ ಹಕ್ಕು.

ತಪ್ಪು ಯಾರದೆಂದು ಸಾಬೀತು ಮಾಡುವ ಶಕ್ತಿ ಇಲ್ಲದವರಿಗೆ ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಇದೆ. ತಪ್ಪಿನ ಪ್ರಶ್ನೆಯನ್ನೇ ಎತ್ತದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ. ಗುದ್ದಿದ ಗಾಡಿ ಓಡಿಹೋಗಿ ಯಾವುದೆಂದೇ ಗೊತ್ತಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಕೊಡುವ ಕೇಂದ್ರದ ಯೋಜನೆಯಿದೆ. ಆ ಅರ್ಜಿ ಕೋರ್ಟಿಗಲ್ಲ, ಕಂದಾಯ ಇಲಾಖೆಯ ಅಧಿಕಾರಿಗೆ ಹೋಗುತ್ತದೆ. ಜಿಲ್ಲಾಧಿಕಾರಿ ಮಂಜೂರು ಮಾಡುತ್ತಾರೆ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆ ನಗದಿಲ್ಲದೆ ಸಿಗುವ ಯೋಜನೆಯೂ ಬಂದಿದೆ. ರಾಯಚೂರಿನ ರಿಮ್ಸ್ ಆಸ್ಪತ್ರೆಯ ಅಂಗಳದಲ್ಲಿ ರೊಕ್ಕಕ್ಕಾಗಿ ಫೋನು ಹಚ್ಚುತ್ತ ನಿಂತವರಿಗೆ ಇದನ್ನು ಹೇಳುವವರು ಬೇಕಾಗಿದ್ದಾರೆ.

ಇನ್ನು ಗಾಯಾಳುವನ್ನು ಎತ್ತಿ ಆಸ್ಪತ್ರೆಗೆ ಸೇರಿಸಿದವರ ಮಾತು. ‘ಮುಟ್ಟಿದ್ರ ಕೋರ್ಟಿಗೆ ಅಲೆಸ್ತಾರ’ ಎಂದು ಹಿಂಜರಿಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ಅಂಥ ಉಪಕಾರಿಗೆ ರಕ್ಷಣೆ ಕೊಟ್ಟಿದೆ. ಹೆಸರು ಹೇಳಲೇಬೇಕೆಂಬ ಬಲವಂತವಿಲ್ಲ. ಎತ್ತಿಕೊಂಡು ಓಡಿ.

ಒಂದು ಕೈಯ ಬೆಲೆ ಕಟ್ಟುವ ಬಗೆ

ಕೈಗೆ ಬೆಲೆ ಕಟ್ಟಬಹುದೇ ಎಂದು ನೀವು ಕೇಳಬಹುದು. ಕಟ್ಟಲಾಗದು. ಆದರೆ ಆ ಕೈ ದುಡಿದು ತರುತ್ತಿದ್ದ ಅನ್ನಕ್ಕೆ ಬೆಲೆ ಇದೆ, ಕಾನೂನು ಅದನ್ನು ಲೆಕ್ಕ ಹಾಕುತ್ತದೆ. 2009ರ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿಗೆ ತಕ್ಕ ಗುಣಕಗಳ ಪಟ್ಟಿ ಕೊಟ್ಟಿತು. 25 ವರ್ಷದವರೆಗೆ 18, 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, ಹೀಗೆ ಇಳಿಯುತ್ತ 65 ದಾಟಿದವರಿಗೆ 5. 2017ರ ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಸ್ವಂತ ದುಡಿಮೆಯವರಿಗೂ ಮುಂದೆ ಹೆಚ್ಚಬಹುದಾಗಿದ್ದ ಆದಾಯವನ್ನು ಸೇರಿಸಬೇಕೆಂದಿತು: 40 ವರ್ಷದೊಳಗಿನವರಿಗೆ ಶೇ. 40, 40ರಿಂದ 50ರವರೆಗೆ ಶೇ. 25, 50ರಿಂದ 60ರವರೆಗೆ ಶೇ. 10.

ನಮ್ಮ ಹತ್ತಿಯ ಹೆಣ್ಣುಮಗಳಿಗೇ ಇದನ್ನು ಅನ್ವಯಿಸಿ ನೋಡೋಣ. ವಯಸ್ಸು 28. ತಿಂಗಳ ದುಡಿಮೆ 12,000 ರೂಪಾಯಿ ಎಂದು ನ್ಯಾಯಮಂಡಳಿ ಒಪ್ಪಿತು ಎನ್ನೋಣ. ವರ್ಷಕ್ಕೆ 1,44,000. ದುಡಿಯುವ ಶಕ್ತಿಯಲ್ಲಿ ಶೇ. 40 ಹೋಯಿತು. ಗುಣಕ 17. ಗುಣಿಸಿದರೆ 9,79,200. ಮುಂದಿನ ಆದಾಯದ ಶೇ. 40 ಸೇರಿಸಿದರೆ 13,70,880. ಇದರ ಮೇಲೆ ಆಸ್ಪತ್ರೆ ಖರ್ಚು, ನೋವು ನರಳಾಟ, ಹಾಸಿಗೆ ಹಿಡಿದಾಗ ತಪ್ಪಿದ ಕೂಲಿ, ಓಡಾಟ, ಆರೈಕೆ, ಮುಂದಿನ ಚಿಕಿತ್ಸೆ, ಮೇಲಿಂದ ಬಡ್ಡಿ. ಇದು ಉದಾಹರಣೆ ಮಾತ್ರ, ಪ್ರತಿ ಕೇಸಿನ ಅಂಕಿ ಬೇರೆ. ಆದರೆ ಠಾಣೆಯ ಎದುರಿನ ಚಾದ ಅಂಗಡಿಯಲ್ಲಿ ‘ಇಪ್ಪತ್ತು ಸಾವಿರ ತಗೋ, ಮುಗಿಸಿಬಿಡು’ ಎನ್ನುವವರ ಲೆಕ್ಕಕ್ಕೂ ಕಾನೂನಿನ ಲೆಕ್ಕಕ್ಕೂ ಎಷ್ಟು ಅಂತರ ಎಂಬುದು ನಿಮ್ಮ ಕಣ್ಣಿಗೆ ಕಾಣಲಿ ಎಂದು ಇಷ್ಟು ಗುಣಿಸಿ ತೋರಿಸಿದೆ.

ಈ ಲೆಕ್ಕದಲ್ಲಿ ನಮ್ಮ ಜನ ಸೋಲುವುದು ಎರಡು ಜಾಗದಲ್ಲಿ. ಮೊದಲನೆಯದು ಆದಾಯ. ಕೂಲಿಗೆ ರಸೀದಿ ಎಲ್ಲಿಂದ ತರುವುದು? ಬೆಂಗಳೂರಿನ ಒಬ್ಬ ಕೂಲಿಕಾರನ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್, ಕೂಲಿಯವನಿಂದ ಆದಾಯದ ದಾಖಲೆ ನಿರೀಕ್ಷಿಸುವುದೇ ತಪ್ಪು, ಅವನು ಹೇಳಿದ ಮೊತ್ತ ನಂಬುವಂತಿದ್ದರೆ ಒಪ್ಪಬೇಕು ಎಂದು ಹೇಳಿ, ಕೆಳಗಿನ ನ್ಯಾಯಾಲಯಗಳು ಇಳಿಸಿದ್ದ ಮೊತ್ತವನ್ನು ಅವನು ಹೇಳಿದ ತಿಂಗಳ 4,500 ರೂಪಾಯಿಗೇ ಏರಿಸಿತು. ಮನೆಗೆಲಸ ಮಾತ್ರ ಮಾಡುವ ಗೃಹಿಣಿಯ ದುಡಿಮೆಗೂ ಆದಾಯ ಲೆಕ್ಕ ಹಾಕಬೇಕು ಎಂದು 2021ರ ಜನವರಿಯಲ್ಲಿ ಅದೇ ನ್ಯಾಯಾಲಯ ಮತ್ತೆ ಒತ್ತಿ ಹೇಳಿತು. ಹಾಗಿದ್ದರೂ ಕೈಯಲ್ಲಿರುವ ಕಾಗದ ಬಿಸಾಡಬೇಡಿ. ಉದ್ಯೋಗ ಖಾತ್ರಿಯ ಕಾರ್ಡು, ಮೇಸ್ತ್ರಿ ಫೋನಿಗೆ ಹಾಕಿದ ಹಣದ ವಿವರ, ಸ್ವಸಹಾಯ ಸಂಘದ ಪುಸ್ತಕ, ಎಲ್ಲವೂ ಸಾಕ್ಷಿಯೇ.

ಎರಡನೆಯದು ಅಂಗವೈಕಲ್ಯದ ಪ್ರಮಾಣ. ವೈದ್ಯರು ಕೈಯ ಊನವನ್ನು ಅಳೆಯುತ್ತಾರೆ. ನ್ಯಾಯಮಂಡಳಿ ಅಳೆಯಬೇಕಾದ್ದು ದುಡಿಮೆಯ ಊನವನ್ನು. 2010ರ ಒಂದು ತೀರ್ಪು ಇದನ್ನು ಬಹಳ ಚೆನ್ನಾಗಿ ಬಿಡಿಸಿದೆ. ಎಡಗೈ ಹೋದರೆ ಸರ್ಕಾರಿ ಗುಮಾಸ್ತನ ನೌಕರಿ ಉಳಿಯಬಹುದು, ಬಡಿಗನದೋ ಚಾಲಕನದೋ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಹಾಗಾದರೆ ಎರಡೂ ಕೈಯ ಬೆರಳುಗಳಿಂದ ಕಾಯಿಯ ಬಾಯಿ ಬಿಡಿಸಿ ಅರಳೆ ತೆಗೆಯುವವಳ ಕಥೆ ಏನು? ವಕೀಲ ಮಿತ್ರರೇ, ಮುಖ್ಯ ವಿಚಾರಣೆಯಲ್ಲಿ ನಿಮ್ಮ ಕಕ್ಷಿದಾರಳ ಕೆಲಸವನ್ನು ಮೂರು ಸಾಲಿನಲ್ಲಿ ‘ಕೂಲಿ’ ಎಂದು ಬರೆದು ಮುಗಿಸಬೇಡಿ. ಹತ್ತಿ ಹೇಗೆ ಬಿಡಿಸುತ್ತಾರೆ, ಭತ್ತದ ನಾಟಿ ಹೇಗೆ ಹಚ್ಚುತ್ತಾರೆ, ಮೆಣಸಿನಕಾಯಿ ಹೇಗೆ ಹರಿಯುತ್ತಾರೆ ಎಂದು ಅವಳ ಬಾಯಲ್ಲೇ ಹೇಳಿಸಿ. ಆ ವಿವರವೇ ಅವಳ ಪ್ರಮಾಣಪತ್ರ.

ಟ್ರೇಲರಿನ ಮೇಲಿನ ಬದುಕು

ಈಗ ನಮ್ಮ ಜಿಲ್ಲೆಯ ಹಳೆಯ ಗಾಯಕ್ಕೆ ಬರುತ್ತೇನೆ. ಟ್ರ್ಯಾಕ್ಟರಿನ ಹಿಂದೆ ಟ್ರೇಲರ್, ಟ್ರೇಲರಿನಲ್ಲಿ ನಿಂತ ಮೂವತ್ತು ಜನ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಮಾನ್ವಿಯ ಗದ್ದೆಗಳಿಗೂ, ನಾರಾಯಣಪುರದ ನೀರು ಬರುವ ದೇವದುರ್ಗದ ಹೊಲಗಳಿಗೂ ಜನ ಹೋಗುವುದೇ ಹೀಗೆ. ಕಾನೂನಿನ ಕಣ್ಣಲ್ಲಿ ಟ್ರೇಲರ್ ಸರಕಿನ ಗಾಡಿ. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರ ಹೊಣೆ ವಿಮಾ ಕಂಪನಿಯದಲ್ಲ ಎಂದು ಸುಪ್ರೀಂ ಕೋರ್ಟ್ 2003ರಷ್ಟು ಹಿಂದೆಯೇ ಹೇಳಿದೆ, 2019ರ ತಿದ್ದುಪಡಿಯೂ ಅದನ್ನು ಉಳಿಸಿಕೊಂಡಿದೆ. ಸರಕಿನ ಒಡೆಯ ಸರಕಿನ ಜೊತೆ ಹೋಗುತ್ತಿದ್ದರೆ ಮಾತು ಬೇರೆ. 2025ರ ಜನವರಿ 22ರಂದು ಯಲ್ಲಾಪುರದ ಬಳಿ ಲಾರಿ ಉರುಳಿ ಸವಣೂರಿನ ಹತ್ತು ಜನ ಸತ್ತರಲ್ಲ, ಅವರು ಕುಮಟಾದ ಸಂತೆಗೆ ಹಣ್ಣು ತರಕಾರಿ ಒಯ್ಯುತ್ತಿದ್ದ ವ್ಯಾಪಾರಿಗಳು. ತನ್ನ ಮಾಲಿನ ಜೊತೆ ಕುಳಿತ ವ್ಯಾಪಾರಿಗೆ ಕಾನೂನು ಒಂದು ಆಸರೆ ಕೊಟ್ಟಿದೆ. ಬರಿಗೈಯಲ್ಲಿ ಹೊಲಕ್ಕೆ ಹೊರಟ ಕೂಲಿಯವಳಿಗೆ ಅದು ಸಿಗುವುದಿಲ್ಲ.

ಹಾಗಾದರೆ ಅವಳಿಗೆ ಯಾರು ಹೊಣೆ? ಟ್ರ್ಯಾಕ್ಟರಿನ ಮಾಲೀಕ. ಕೆಲವು ಪ್ರಕರಣಗಳಲ್ಲಿ ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ’ ಎಂಬ ಆದೇಶ ಸಿಗುತ್ತದೆ. 2017ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಮಾಡಿದೆ. ಆದರೆ ಕೊನೆಗೆ ಭಾರ ಬೀಳುವುದು ಮಾಲೀಕನ ಮೇಲೇ.

ಮಾಲೀಕ ಯಾರು? ನಾಲ್ಕು ಎಕರೆಯ ರೈತ, ಅದೇ ಊರಿನವನು, ಅದೇ ಓಣಿಯವನು. ನಾಳೆ ಕೂಲಿಗೆ ಕರೆಯಬೇಕಾದವನೂ ಅವನೇ. ನನ್ನ ವಕೀಲಿಯ ಮೊದಲ ವರ್ಷಗಳಲ್ಲಿ ಕಾಲು ಕಳೆದುಕೊಂಡ ಒಬ್ಬ ತಾಯಿ ನನ್ನ ಮುಂದೆ ಕುಳಿತು, ‘ಅಣ್ಣನಂಥಾವ್ರ ಮ್ಯಾಲ ಹೆಂಗ ಕೇಸು ಹಾಕಲ್ರಿ, ಊರಾಗ ಇರಬೇಕಲ್ರಿ ನಾವು’ ಎಂದು ವಕಾಲತ್ತಿಗೆ ಹೆಬ್ಬೆಟ್ಟು ಒತ್ತದೆ ಎದ್ದು ಹೋದಳು. ಅವಳನ್ನು ತಡೆಯಲು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರ ಈಗ ಇದೆ, ಇಲ್ಲಿ ಕುಳಿತಿರುವ ರೈತ ಬಾಂಧವರಿಗೆ ಕೈಮುಗಿದು ಹೇಳುತ್ತೇನೆ. ಟ್ರ್ಯಾಕ್ಟರಿಗೆ ವಿಮೆ ಮಾಡಿಸುವಾಗ ಟ್ರೇಲರಿಗೂ ಮಾಡಿಸಿ. ನಿಮ್ಮ ಕೆಲಸಕ್ಕೆ ಇಟ್ಟುಕೊಂಡ ಕೂಲಿಕಾರರಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟುವುದಿದೆಯೇ ಎಂದು ಕೇಳಿ, ಕಟ್ಟಿ, ಪಾಲಿಸಿಯಲ್ಲಿ ಬರೆಸಿ. ಚಾಲಕನ ಲೈಸೆನ್ಸ್ ನೋಡಿ. ಜನರನ್ನು ಸಾಗಿಸಲು ಜನರ ಗಾಡಿಯನ್ನೇ ಮಾಡಿ, ಸಾಧ್ಯವಿಲ್ಲದ ದಿನ ಟ್ರೇಲರಿನಲ್ಲಿ ಮಂದಿಯನ್ನು ತುಂಬಬೇಡಿ. ವಿಮೆ ಸರಿಯಿದ್ದರೆ ಹೊಣೆಯನ್ನು ಹೊರುವುದು ಕಂಪನಿ. ನೆರೆಹೊರೆ ನೆರೆಹೊರೆಯಾಗಿಯೇ ಉಳಿಯುತ್ತದೆ. ವಿಮೆ ಇಲ್ಲದಿದ್ದರೆ ಒಂದೇ ಮಗುಚಿನಲ್ಲಿ ಎರಡು ಮನೆ ಮುಳುಗುತ್ತವೆ: ಅವಳದೂ, ನಿಮ್ಮದೂ.

ಕೆಲಸದ ಜಾಗದ ಗಾಯ

ರಸ್ತೆಯಲ್ಲಷ್ಟೇ ಮೈ ಮುರಿಯುವುದಿಲ್ಲ. ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ, ಎಪಿಎಂಸಿಯ ಗೋದಾಮುಗಳಲ್ಲಿ, ಗುಳೆ ಹೋದ ಊರಿನ ಎತ್ತರದ ಸಾರುವೆಗಳ ಮೇಲೆ ನಮ್ಮವರ ಬೆರಳು, ಬೆನ್ನು, ಜೀವ ಹೋಗುತ್ತಿವೆ. ಇದಕ್ಕೆ 1923ರ ಕಾಯ್ದೆಯೊಂದು ನೂರು ವರ್ಷ ಕಾವಲು ನಿಂತಿತ್ತು. ಈಗ ಅದರ ಸಾರ 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಬಂದಿದೆ. ಕೆಲಸ ಮಾಡುತ್ತಿರುವಾಗ, ಕೆಲಸದ ಕಾರಣದಿಂದ ಗಾಯವಾದರೆ ಮಾಲೀಕನ ನಿರ್ಲಕ್ಷ್ಯ ಸಾಬೀತು ಮಾಡಬೇಕಿಲ್ಲ. ಮೇಸ್ತ್ರಿಯ ಕೈಕೆಳಗಿದ್ದರೂ ಮೂಲ ಮಾಲೀಕನನ್ನು ಕೇಳಬಹುದು. ಕಾರ್ಮಿಕ ತಾನು ವಾಸಿಸುವ ಊರಿನಲ್ಲೇ ಕೇಸು ಹಾಕಬಹುದು, ಎರಡು ವರ್ಷದ ಅವಕಾಶವಿದೆ. ಗಾಯವಾದದ್ದು ಗಾಡಿಯಿಂದಲೂ ಹೌದು, ಕೆಲಸದಲ್ಲೂ ಹೌದು ಎಂದಾದರೆ ಮೋಟಾರು ವಾಹನ ಕಾಯ್ದೆ, ಈ ಸಂಹಿತೆ ಎರಡರಲ್ಲಿ ಒಂದನ್ನೇ ಆರಿಸಬೇಕು. ಯಾವುದು ಲಾಭ ಎಂದು ವಕೀಲರ ಹತ್ತಿರ ಕುಳಿತು ತೂಗಿ ನೋಡಿ.

ಕಟ್ಟಡ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಿ. ವರ್ಷದಲ್ಲಿ 90 ದಿನ ಕೆಲಸ ಮಾಡಿದ್ದರೆ ಸಾಕು. ಗುಳೆ ಹೋಗುವವರ ಚೀಲದಲ್ಲಿ ಜೋಳದ ರೊಟ್ಟಿಯ ಜೊತೆ ಆ ಕಾರ್ಡೂ ಇರಲಿ.

ಬಸ್ಸು, ತಂತಿ, ನೀರು

2024ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನಾಚರಣೆಯ ಬೆಳಗ್ಗೆ, ಮಾನ್ವಿ ತಾಲ್ಲೂಕಿನ ಕಪಗಲ್ ಬಳಿ ಶಾಲಾ ಬಸ್ಸಿಗೂ ಸಾರಿಗೆ ಸಂಸ್ಥೆಯ ಬಸ್ಸಿಗೂ ಡಿಕ್ಕಿಯಾಯಿತು. ಇಬ್ಬರು ಮಕ್ಕಳು ತೀರಿಹೋದರು, ಕಾಲು ಕಳೆದುಕೊಂಡ ಮಕ್ಕಳೂ ಇದ್ದಾರೆ. ಮಗುವಿನ ಗಾಯಕ್ಕೆ ದುಡಿಮೆಯ ಲೆಕ್ಕ ಹಾಕುವುದು ಹೇಗೆ? 2020ರಲ್ಲಿ 12 ವರ್ಷದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕುಶಲ ಕಾರ್ಮಿಕರ ಕನಿಷ್ಠ ವೇತನವನ್ನು ಆಧಾರವಾಗಿಟ್ಟುಕೊಂಡಿತು, ಆರೈಕೆಗೆ ಇರಬೇಕಾದವರ ಖರ್ಚಿಗೂ ಗುಣಕ ಹಾಕಿತು. ಕೃತಕ ಕಾಲನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ ಎಂಬುದನ್ನೂ 2022ರ ಒಂದು ತೀರ್ಪು ಗಣನೆಗೆ ತಂದಿದೆ. ಬೆಳೆಯುವ ಮಗುವಿನ ಕಾಲು ಬೆಳೆಯುತ್ತದೆ; ಹಾಕಿಸಿದ ಕಾಲು ಬೆಳೆಯುವುದಿಲ್ಲ. ಅದರ ಮುಂದಿನ ಖರ್ಚನ್ನು ಅರ್ಜಿಯಲ್ಲಿ ಇಂದೇ ಕೇಳದಿದ್ದರೆ ನಾಳೆ ಕೇಳಲು ಬಾಗಿಲು ಇರುವುದಿಲ್ಲ.

ಹೊಲದಲ್ಲಿ ಜೋತುಬಿದ್ದ ವಿದ್ಯುತ್ ತಂತಿ ತಗುಲಿ ಸತ್ತರೆ, ‘ಗಾಳಿ ಬಂದಿತ್ತು, ಯಾರೋ ಕಳ್ಳ ತಂತಿ ಎಳೆದಿದ್ದ’ ಎಂದು ವಿದ್ಯುತ್ ಸಂಸ್ಥೆ ಕೈತೊಳೆದುಕೊಳ್ಳುವಂತಿಲ್ಲ. ಅಪಾಯದ ವಸ್ತುವನ್ನು ಹರಿಸುವವರೇ ಅದರ ಅನಾಹುತಕ್ಕೆ ಹೊಣೆ ಎಂದು 2002ರಲ್ಲೇ ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ತೀರ್ಮಾನಿಸಿದೆ.

ನೀರಿನ ಮಾತನ್ನು ಹೇಗೆ ಹೇಳಲಿ? 2022ರ ಮೇ ಕೊನೆಯಲ್ಲಿ ಇದೇ ರಾಯಚೂರು ನಗರದಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಪ್ರಾಣ ಬಿಟ್ಟರು. ಮರುವರ್ಷ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಹಾಗೆಯೇ ಒಂದು ಮಗು ಸತ್ತಿತು. ಕೃಷ್ಣೆ ತುಂಗಭದ್ರೆಗಳ ನಡುವಿನ ದೋಆಬಿನಲ್ಲಿ ನೀರು ಕುಡಿದು ಸಾಯುವುದೆಂದರೆ! ಕುಡಿಯುವ ನೀರು ಕೊಡುವುದು ಸ್ಥಳೀಯ ಸಂಸ್ಥೆಗಳ ಮೇಲೆ ಕಾನೂನು ಹೊರಿಸಿದ ಕರ್ತವ್ಯ. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕು ಸರ್ಕಾರಿ ಸಂಸ್ಥೆಯಿಂದ ಮುರಿದುಬಿದ್ದಾಗ ಹೈಕೋರ್ಟು ರಿಟ್ ಅರ್ಜಿಯಲ್ಲೇ ಪರಿಹಾರ ಕೊಡಿಸಬಹುದು ಎಂಬ ದಾರಿ 1993ರಿಂದ ತೆರೆದಿದೆ. ಆ ದಾರಿ ಹಿಡಿಯುವವರು ನಮ್ಮಲ್ಲಿ ಬಹಳ ಕಡಿಮೆ. ರಿಟ್ ಅರ್ಜಿಗೆ ಹಣ ಕೊಡಿಸುವುದಕ್ಕಿಂತ ದೊಡ್ಡ ಶಕ್ತಿಯಿದೆ. ನಾಳೆ ಪೈಪು ಒಡೆದಾಗ ಅಧಿಕಾರಿಯೊಬ್ಬ ರಾತ್ರಿಯೇ ಎದ್ದು ಹೋಗುವಂತೆ ಅದು ಮಾಡುತ್ತದೆ.

ಎಚ್ಚರದ ಕೆಲವು ಮಾತು

ಗಾಯಾಳು ಆಸ್ಪತ್ರೆ ಸೇರಿದ ಮೊದಲ ವಾರವೇ ಕೇಸಿನ ಬುನಾದಿ. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತೆಂದು ಬರೆಸುವಾಗ ನಿಜವನ್ನೇ ಬರೆಸಿ. ‘ಬಿದ್ದು ಆಯಿತು’ ಎಂದು ಒಮ್ಮೆ ಬರೆದರೆ ಅದನ್ನು ಅಳಿಸಲು ಐದು ವರ್ಷ ಬೇಕು. ಎಫ್‌ಐಆರ್, ಪಂಚನಾಮೆ, ಗಾಯದ ಪ್ರಮಾಣಪತ್ರ, ಚಾರ್ಜ್‌ಶೀಟಿನ ನಕಲು ಪಡೆಯಿರಿ. ದೂರು ತಡವಾದರೆ ಕೇಸೇ ಹೋಯಿತೆಂದು ಕೈಚೆಲ್ಲಬೇಡಿ. ಮನೆಯವರು ಮೊದಲು ಜೀವ ಉಳಿಸಲು ಓಡುವುದು ಸಹಜ ಎಂದು ನ್ಯಾಯಾಲಯಗಳು ಒಪ್ಪಿವೆ. ಚಾಲಕ ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರೂ ಪರಿಹಾರದ ಕೇಸು ಸಾಯುವುದಿಲ್ಲ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಬೇಕು, ಇಲ್ಲಿ ಯಾವ ಕಡೆ ತಕ್ಕಡಿ ತೂಗುತ್ತದೆ ಎಂಬುದು ಸಾಕು.

ಆಸ್ಪತ್ರೆಯ ಹಾಸಿಗೆಯ ಪಕ್ಕಕ್ಕೇ ಬಂದು ನಿಲ್ಲುವ ಮಧ್ಯವರ್ತಿಗಳಿದ್ದಾರೆ. ‘ಗಾಡಿ ಗೊತ್ತಿಲ್ಲೇನು? ಇನ್ಶೂರೆನ್ಸ್ ಇರೋ ಬ್ಯಾರೆ ಗಾಡಿ ಹಾಕ್ಸೋಣ’ ಎನ್ನುತ್ತಾರೆ. ಒಪ್ಪಬೇಡಿ. ಅದು ಅಪರಾಧ. ಒಂದು ಸುಳ್ಳು ಕೇಸಿನಿಂದ ನೂರು ನಿಜವಾದ ಗಾಯಗಳ ಮೇಲೆ ನ್ಯಾಯಾಧೀಶರಿಗೆ ಅನುಮಾನ ಹುಟ್ಟುತ್ತದೆ. ಇನ್ನು ನನ್ನದೇ ವೃತ್ತಿಯವರ ಮಾತು. ಬಂದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಒಪ್ಪಂದ ಮಾಡಿಕೊಳ್ಳುವುದನ್ನು ಬಾರ್ ಕೌನ್ಸಿಲಿನ ನಿಯಮಗಳು ನಿಷೇಧಿಸಿವೆ. ವಕೀಲನಿಗೆ ಫೀಜು ಕೊಡಿ, ಕೈಯ ಬೆಲೆಯಲ್ಲಿ ಪಾಲು ಕೊಡಬೇಡಿ. ಓದುಬರಹ ಇಲ್ಲದವರ ಮೊತ್ತದ ಒಂದು ಭಾಗವನ್ನು ನ್ಯಾಯಮಂಡಳಿ ಬ್ಯಾಂಕಿನ ಠೇವಣಿಯಲ್ಲಿ ಇಡಿಸುವುದು ಅವರ ಹಣ ಕರಗದಿರಲಿ ಎಂದೇ. ಬೇಸರ ಮಾಡಿಕೊಳ್ಳಬೇಡಿ.

ವಕೀಲರಿಗೆ ಕೊಡಲು ಹಣವೇ ಇಲ್ಲ ಎನ್ನುವವರಿಗೆ 1987ರ ಕಾನೂನು ಸೇವೆಗಳ ಕಾಯ್ದೆ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು, ಕಾರ್ಮಿಕರು ಉಚಿತ ವಕೀಲರನ್ನು ಕೇಳಬಹುದು. ರಾಯಚೂರಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ತಾಲ್ಲೂಕು ಸಮಿತಿ. ಫೋನು 15100. ಐದೇ ಅಂಕಿ, ಅಂಗನವಾಡಿಯ ಗೋಡೆಗೆ ಬರೆಸಲು ಹೆಚ್ಚು ಬಣ್ಣ ಬೇಡ.

ದತ್ತಿ ಇಟ್ಟ ಕುಟುಂಬದವರು ಈ ಉಪನ್ಯಾಸ ಪುಸ್ತಕವಾಗಿ ಅಚ್ಚಾಗಬೇಕೆಂದು ಬಯಸಿದ್ದಾರೆ. ನನ್ನ ಬೇಡಿಕೆ ಒಂದೇ. ಪುಸ್ತಕ ಗ್ರಂಥಾಲಯದ ಕಪಾಟು ಸೇರುವ ಮೊದಲು ಇದರಲ್ಲಿರುವ ನಾಲ್ಕು ಮಾತುಗಳು ಒಂದು ಕಾಗದದ ಮೇಲೆ ಅಚ್ಚಾಗಿ, ಗುಳೆ ಬಸ್ಸು ಹೊರಡುವ ದೇವದುರ್ಗದ ನಿಲ್ದಾಣದಲ್ಲಿ, ಮಾನ್ವಿಯ ಸಂತೆಯಲ್ಲಿ, ರಿಮ್ಸ್ ಮತ್ತು ಓಪೆಕ್ ಆಸ್ಪತ್ರೆಗಳ ಬಾಗಿಲಲ್ಲಿ ಹಂಚಿಹೋಗಲಿ: ಆರು ತಿಂಗಳು. ನಿಮ್ಮ ಊರಲ್ಲೇ ಕೇಸು. ಕಾಗದ ಕಾದಿಡಿ. 15100.

ವಕಾಲತ್ತಿಗೆ ಹೆಬ್ಬೆಟ್ಟು ಒತ್ತದೆ ಎದ್ದು ಹೋದ ಆ ತಾಯಿ ಈಗಿಲ್ಲ. ಅವಳ ಮೊಮ್ಮಗಳು ಈ ಹಂಗಾಮಿನಲ್ಲಿ ಯಾವುದೋ ಬದುವಿನ ಮೇಲೆ ನಿಂತು ಹತ್ತಿಯ ಗಂಟು ತೂಗಿಸುತ್ತಿರಬಹುದು. ಅರ್ಧ ಕೆ.ಜಿ. ಕಡಿಮೆ ಬಂದರೆ ಆ ಹುಡುಗಿ ಏನು ಹೇಳಬೇಕೆಂದು ಯಾರೂ ಕಲಿಸಬೇಕಿಲ್ಲ. ದೇವರು ಅವಳ ಕೈಕಾಲು ಕಾಯಲಿ. ಅಕಸ್ಮಾತ್ ಒಂದು ದಿನ ಯಾರಾದರೂ ಅವಳ ಗಾಯಕ್ಕೆ ಕಡಿಮೆ ತೂಕ ತೋರಿಸಿದರೆ, ಆಗಲೂ ಅವಳು ತಲೆಯೆತ್ತಿ ಅದೇ ಮಾತು ಹೇಳಲಿ: ‘ಇನ್ನೊಮ್ಮೆ ತೂಗ್ರಿ.’